ಹೊಲಿಗೆ ಮಿಷನ್ನಿನ ಷಟಲ್‌ಗೆ ನಯವಾದ ಪಾಲಿಶ್ ಪೇಪರ್: ಪ್ರತಿಕ್ರಿಯೆ

ಅಜ್ಜಿಯ ಹೊಲಿಗೆ ಮಿಷನ್ನಿನ ತುಕ್ಕು ಹಿಡಿದ ಷಟಲ್ (ಕೆಳದಾರದ ಬಾಬಿನ್ ಕೂರುವ ಭಾಗ) ಉಜ್ಜಲು ಡೊಂಬಿವಲಿಯಲ್ಲಿ 400 ನಂಬರಿಗಿಂತ ನಯವಾದ ಪಾಲಿಶ್ ಪೇಪರ್ ಸಿಗುತ್ತಿಲ್ಲ ಅಂದಿದ್ದೀರಿ (ನಂಬರ್ ಹೆಚ್ಚಿದಷ್ಟೂ ನಯ). ಹಾರ್ಡ್‌ವೇರ್ ಅಂಗಡಿ ಬಿಡಿ ಸರ್, ಕಾರಿಗೆ ಬಣ್ಣ ಹೊಡೆಯುವವರು ಸಾಮಾನು ತರೋ ಅಂಗಡಿಗೆ ಹೋಗಿ. ‘ವಾಟರ್ ಪೇಪರ್’ (ನೀರು ಹಾಕಿ ಉಜ್ಜುವಂಥದ್ದು) ಅಂತ ಕೇಳಿ, 1000, 1500, 2000 ಬಿಡಿ ಹಾಳೆಯಾಗೇ ಕೊಡ್ತಾರೆ. ಅಲ್ಲೂ ಇಲ್ಲದಿದ್ದರೆ ಮುಂಬಯಿಯ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಹಾರ್ಡ್‌ವೇರ್ ಪೇಟೆಯಾದ ನಾಗದೇವಿ ಸ್ಟ್ರೀಟಿಗೆ ಹೋಗಿ. ಭಾನುವಾರ ಮಾತ್ರ ಬೇಡ.

ಹಾಳೆಯ ಬೆನ್ನ ಮೇಲೆ ಸಂಖ್ಯೆಯ ಮುಂದೆ ‘ಪಿ’ ಇದೆಯಾ ನೋಡಿ, ಅದು ಯುರೋಪಿನ ಅಳತೆ. ಪಿ1200 ಅಂದರೆ ಕಣ ಸುಮಾರು 15 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಪಿ2000 ಅಂದರೆ 10. ಅಮೆರಿಕನ್ ಅಳತೆಯ 600 ಹೆಚ್ಚುಕಡಿಮೆ ಪಿ1200ಕ್ಕೆ ಸಮ, ಹಾಗಾಗಿ ಎರಡನ್ನೂ ಬೆರೆಸಿಕೊಳ್ಳಬೇಡಿ.

ಒಮ್ಮೆ ಆತುರಕ್ಕೆ 400ರಿಂದ ನೇರ 1500ಕ್ಕೆ ಹಾರಿದ್ದೆ. ಹೊಳಪೇನೋ ಬಂತು, ಆದರೆ ಬೆಳಕಿಗೆ ಹಿಡಿದರೆ ಒಳಗೆಲ್ಲ ಹಳೇ ಗೀರು! 600, 800, 1000 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಪ್ರತಿ ಸಲ ತೊಳೆದು, ಹಿಂದಿನ ಗೀರಿಗೆ ಅಡ್ಡಲಾಗಿ ಉಜ್ಜಿ. ಆ ಹಿಂದಿನ ಗೀರು ಪೂರ್ತಿ ಮಾಯವಾದ ಮೇಲೇ ಮುಂದಿನ ನಂಬರ್. ಸಂದಿಗೆ ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿಗೆ ಪೇಪರ್ ಅಂಟಿಸಿಕೊಳ್ಳಿ. ಬೆರಳಿಗಿಂತ ಎಷ್ಟೋ ವಾಸಿ. ಚಪ್ಪಟೆ ಮುಖಕ್ಕೆ ಪೇಪರಿನ ಕೆಳಗೆ ಗಾಜಿರಲಿ.

ಕೊನೆಯ ಹೊಳಪಿಗೆ ಹಿತ್ತಾಳೆ ಉಜ್ಜುವ ಬ್ರಾಸೊ ಪಾಲಿಶ್ ಸಾಕು. ಡೈಮಂಡ್ ಪೇಸ್ಟ್ ನಿಮಗೆ ದಂಡದ ಖರ್ಚು. ಎಂಜಿನ್ ವಾಲ್ವ್ ಉಜ್ಜೋ ಪೇಸ್ಟ್ ಯಾರಾದರೂ ಕೊಟ್ಟರೆ ತಗೋಬೇಡಿ, ಅದು ತರಿ.

ಷಟಲ್ಲಿನ ಮೂತಿಯನ್ನು ಮೊಂಡು ಮಾಡಬೇಡಿ, ದಾರ ಹಿಡಿಯೋದು ಅದೇ. ಮುಗಿದ ತಕ್ಷಣ ಒರೆಸಿ ಮಿಷನ್ ಎಣ್ಣೆ ಹಚ್ಚಿ. ಈ ಮುಂಬಯಿ ಮಳೆಗಾಲದಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪು.