ಸೊನ್ನೆ ಬಂತು ಅಂತ ಜರ್ನಲ್ ನಿಲ್ಲಿಸೋಕೆ ಮುಂಚೆ ಇದನ್ನ ಓದಿ

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜು ಲೈಬ್ರರಿಗಳಿಂದ ಇ-ಜರ್ನಲ್ ಬಳಕೆಯ ಲೆಕ್ಕದ ಬಗ್ಗೆ ನನಗೆ ಬರೋ ಪ್ರಶ್ನೆಗಳು ಪ್ರತಿ ವರ್ಷ ಅವವೇ. ರಿನ್ಯೂವಲ್ ಹತ್ರ ಬಂದಾಗ ಮಾತ್ರ ಎಲ್ರಿಗೂ ನೆನಪಾಗುತ್ತೆ, ಡಿಸೆಂಬರ್ ಕೊನೇಲಿ ಫೋನ್ ಮಾಡಿ ನಾಳೆ ಕಮಿಟಿ ಮೀಟಿಂಗ್ ಇದೆ ಇವತ್ತೇ ಹೇಳಿ ಅಂತಾರೆ. ಅದಕ್ಕೇ ಬರೆದೇ ಇಡೋಣ ಅಂತ ಕೂತಿದೀನಿ. ಪಬ್ಲಿಷರ್‌ಗಳು ಬಳಕೆನ ಹೇಗೆ ಎಣಿಸ್ಬೇಕು ಅನ್ನೋ ನಿಯಮ ಕೌಂಟರ್, ಆ ಲೆಕ್ಕನ ನಮ್ಮ ಸಾಫ್ಟ್‌ವೇರ್ ತಾನೇ ಹೋಗಿ ತರೋ ದಾರಿ ಸುಶಿ. ಇದಕ್ಕಿಂತ ಮೊದಲಿಂದ ಶುರು ಮಾಡಲ್ಲ, ಇ-ರಿಸೋರ್ಸ್ ನೋಡ್ಕೊಳ್ಳೋ ಕೆಲಸದಲ್ಲಿರೋರಿಗೆ ಇಷ್ಟಾದ್ರೂ ಗೊತ್ತಿರ್ಲೇಬೇಕು.

ಪ್ರಶ್ನೆ: ಯಾವ ವಿದ್ಯಾರ್ಥಿ ಯಾವ ಪೇಪರ್ ಓದಿದ ಅಂತ ಹೆಸರು ಸಮೇತ ಸುಶಿಯಲ್ಲಿ ತೆಗೀಬಹುದಾ? ಎಚ್ಒಡಿ ಕೇಳ್ತಿದಾರೆ.

ಬರಲ್ಲ. ಬರಬಾರದು ಕೂಡ. ಹುಡುಗ ಏನು ಓದ್ತಾನೆ ಅನ್ನೋದು ಎಚ್ಒಡಿಗೆ ಸೇರಿದ ವಿಷಯ ಅಲ್ಲ.

ಪ್ರಶ್ನೆ: ನಮ್ಮದು ಹಾಸನದ ಹತ್ರ ಇಂಜಿನಿಯರಿಂಗ್ ಕಾಲೇಜು. ಪಬ್ಲಿಷರ್‌ಗಳ ರಿಪೋರ್ಟ್ ಕೈಯಲ್ಲಿ ಡೌನ್‌ಲೋಡ್ ಮಾಡೋದು ಬಿಟ್ಟು ಸುಶಿ ಹಾಕ್ಕೊಂಡ್ವಿ. ಒಂದು ಜರ್ನಲ್ ಪ್ಯಾಕೇಜ್‌ಗೆ ತಿಂಗಳುಗಟ್ಟಲೆ ಸೊನ್ನೆ ತೋರಿಸ್ತಿದೆ. ಹುಡುಗ್ರು ಬಳಸ್ತಿರೋದು ಕಣ್ಣಾರೆ ನೋಡಿದೀನಿ. ಪ್ರಿನ್ಸಿಪಾಲ್ ಸರ್ "ಯಾರೂ ಬಳಸ್ತಿಲ್ಲ ಅಂದ್ಮೇಲೆ ರಿನ್ಯೂ ಯಾಕೆ" ಅಂತಿದಾರೆ. ಸಾಫ್ಟ್‌ವೇರ್ ಕೆಟ್ಟಿದ್ಯಾ?

ಸಾಫ್ಟ್‌ವೇರ್ ಕೆಟ್ಟಿರೋ ಸಾಧ್ಯತೆ ಕಮ್ಮಿ. ಇಲ್ಲಿ ಎಲ್ರೂ ಎಡವೋದು ಒಂದೇ ಕಡೆ, ಸುಶಿ ಲೆಕ್ಕ ಮಾಡುತ್ತೆ ಅಂದ್ಕೊಳ್ತಾರೆ. ಊರ ಡೈರಿಲಿ ಫ್ಯಾಟ್ ನೋಡಿ ಚೀಟಿ ಬರೆಯೋರು ಬೇರೆ, ಕ್ಯಾನ್ ತುಂಬ್ಕೊಂಡು ಹಾಸನಕ್ಕೆ ಹೋಗೋ ವ್ಯಾನ್ ಬೇರೆ. ಸುಶಿ ಆ ವ್ಯಾನು. ಎಣಿಸೋದು ಪಬ್ಲಿಷರ್ ಕಡೆ ಆಗೋ ಕೆಲಸ. ಅಲ್ಲಿ ನಿಮ್ಮ ಹುಡುಗ್ರನ್ನ ನಿಮ್ಮ ಕಾಲೇಜಿನೋರು ಅಂತ ಗುರುತೇ ಹಿಡಿದಿಲ್ಲ ಅಂದ್ರೆ ಸುಶಿ ಆ ಸೊನ್ನೆನೇ ತಿಂಗಳು ತಿಂಗಳು ತಪ್ಪದೆ ತಂದು ನಿಮ್ಮ ಮುಂದೆ ಇಡುತ್ತೆ, ಅದು ಆಟೋಮ್ಯಾಟಿಕ್ ಆಗಿ ಬಂತು ಅನ್ನೋ ಒಂದೇ ಕಾರಣಕ್ಕೆ ಎಲ್ರೂ ನಂಬ್ತಾರೆ. ಕೈಯಲ್ಲಿ ಎಕ್ಸೆಲ್ ಇಳಿಸ್ತಿದ್ದಾಗ ಯಾರಾದ್ರೂ ಒಬ್ರು "ಇದೇನಿದು" ಅಂತ ಕಣ್ಣಾಡಿಸ್ತಿದ್ರು, ಈಗ ಅದೂ ಇಲ್ಲ.

ಮೊದಲು ಆ ಸೊನ್ನೆ ನಿಜವಾದ ಸೊನ್ನೆನಾ ನೋಡಿ. ಎಷ್ಟೋ ಸಾಫ್ಟ್‌ವೇರ್‌ಗಳು ಎರರ್ ಬಂದ್ರೂ ಖಾಲಿ ಬಂದ್ರೂ ಡ್ಯಾಶ್‌ಬೋರ್ಡಲ್ಲಿ ಸೊನ್ನೆ ಅಂತಲೇ ತೋರಿಸ್ತವೆ. ಡ್ಯಾಶ್‌ಬೋರ್ಡ್ ಪಕ್ಕಕ್ಕಿಡಿ. ಸುಶಿ ಅಡ್ರೆಸ್, ಕಸ್ಟಮರ್ ಐಡಿ, ರಿಕ್ವೆಸ್ಟರ್ ಐಡಿ (ಎರಡೂ ಪಬ್ಲಿಷರ್ ಕೊಡೋ ಗುರುತು), ಕೇಳಿದ್ರೆ ಪಾಸ್‌ವರ್ಡ್ ಥರ ಇರೋ ಎಪಿಐ ಕೀ, ಯಾವ ತಿಂಗಳಿಂದ ಯಾವ ತಿಂಗಳಿಗೆ ಅನ್ನೋದು, ಇಷ್ಟನ್ನ ಜೋಡಿಸಿ ಬ್ರೌಸರಲ್ಲೇ ಹಾಕಿದ್ರೆ ಪಬ್ಲಿಷರ್ ಏನು ಉತ್ತರ ಕೊಡ್ತಾನೆ ಅನ್ನೋದು ಹಸಿಹಸಿಯಾಗಿ ಕಾಣುತ್ತೆ. ಅಲ್ಲಿ 2010 ಅನ್ನೋ ಎರರ್ ನಂಬರ್ ಇದ್ರೆ ಆ ಸಂಸ್ಥೆಯ ಲೆಕ್ಕ ನೋಡೋಕೆ ನಿಮಗೆ ಅಧಿಕಾರ ಇಲ್ಲ ಅಂತ, ಅಂದ್ರೆ ಐಡಿ ತಪ್ಪಿದೆ ಇಲ್ಲಾ ಹಳೇದಾಗಿದೆ. 2020 ಅಂದ್ರೆ ಕೀ ಸರಿ ಇಲ್ಲ. 3031 ಅಂದ್ರೆ ಆ ತಿಂಗಳ ಲೆಕ್ಕ ಇನ್ನೂ ರೆಡಿ ಇಲ್ಲ. ಇವು ಯಾವುದೂ ಸೊನ್ನೆ ಅಲ್ಲ ಕಣ್ರೀ! 3030 ಒಂದೇ, ಆ ದಿನಾಂಕಗಳಲ್ಲಿ ಬಳಕೆ ಇಲ್ಲ ಅನ್ನೋದು. ಈ 3031 ಬಗ್ಗೆ ಇನ್ನೊಂದು ಮಾತು, ತಿಂಗಳು ಮುಗಿದು 4 ವಾರದೊಳಗೆ ಲೆಕ್ಕ ಕೊಡ್ಬೇಕು ಅಂತ ಕೌಂಟರ್ ನಿಯಮ ಇದೆ, ಆದ್ರೆ ನಮ್ಮೋರು 1ನೇ ತಾರೀಕು ಬೆಳಿಗ್ಗೆನೇ ಹೋದ ತಿಂಗಳದ್ದು ತಾ ಅಂತ ಶೆಡ್ಯೂಲ್ ಹಾಕಿರ್ತಾರೆ, ಅದು ಖಾಲಿ ಕೈಯಲ್ಲಿ ವಾಪಸ್ ಬರುತ್ತೆ, ಮತ್ತೆ ಯಾರೂ ಕೇಳಲ್ಲ. ಜನವರಿ ಲೆಕ್ಕ ಮಾರ್ಚ್ ಮೊದಲ ವಾರದಲ್ಲಿ ತನ್ನಿ, ಅವಸರ ಏನಿಲ್ಲ.

ಇನ್ನೊಂದು ವಿಷಯ, ಕೌಂಟರ್‌ನ 5ನೇ ರಿಲೀಸ್ 2019ರ ಜನವರಿಯಿಂದ ಇತ್ತು, 2025ರ ಜನವರಿಯಿಂದ 5.1 ಜಾರಿಗೆ ಬಂದಿದೆ. ಹೊಸದರಲ್ಲಿ ಸುಶಿ ಅಡ್ರೆಸ್ಸಿನ ಒಳಗೆ ಆರ್51 (r51) ಅಂತ ಒಂದು ತುಂಡು ಸೇರುತ್ತೆ. ಹಳೇ ಅಡ್ರೆಸ್ ಇಟ್ಕೊಂಡು ಕೂತಿದ್ರೆ ಇವತ್ತಲ್ಲ ನಾಳೆ ಲೆಕ್ಕ ನಿಲ್ಲುತ್ತೆ. ಪಬ್ಲಿಷರ್ ಬೇರೆ ಪ್ಲಾಟ್‌ಫಾರ್ಮ್‌ಗೆ ಹೋದಾಗಲೂ ಇದೇ ಗತಿ.

ಇಷ್ಟೆಲ್ಲಾ ನೋಡಿ ಆದ್ಮೇಲೂ 3030ನೇ ಬಂತು ಅನ್ಕೊಳ್ಳಿ. ಆಗ ನಾನು ಮಾಡೋ ಒಂದು ಪರೀಕ್ಷೆ ಇದೆ, ಇದನ್ನ ಯಾವ ಸಾಫ್ಟ್‌ವೇರ್ ಮಾರೋರೂ ಹೇಳಿಕೊಡಲ್ಲ. ಟಿಆರ್ ಜೆ1, ಅಂದ್ರೆ ಜರ್ನಲ್ ಪೇಪರ್‌ಗಳನ್ನ ಎಷ್ಟು ಸಲ ತೆಗೆದ್ರು ಅನ್ನೋ ಕೌಂಟರ್ ರಿಪೋರ್ಟ್, ಅದೊಂದನ್ನೇ ನೋಡ್ಬೇಡಿ. ಜೊತೆಗೆ ಟಿಆರ್ ಜೆ2 ತೆಗೀರಿ, ಅದು ಓದೋಕೆ ಹೋಗಿ ಬಾಗಿಲು ಮುಚ್ಚಿದ್ದ ಲೆಕ್ಕ, ಮತ್ತೆ ಪಿಆರ್ ತೆಗೀರಿ, ಅದು ಇಡೀ ಪ್ಲಾಟ್‌ಫಾರ್ಮಿನ ಲೆಕ್ಕ, ಅದ್ರಲ್ಲಿ ಹುಡುಕಾಟ ಎಷ್ಟು ನಡೀತು ಅನ್ನೋದೂ ಇರುತ್ತೆ. ಹುಡುಕಾಟ ಇದೆ, ನಿರಾಕರಣೆ ಇದೆ, ಓದಿದ್ದು ಮಾತ್ರ ಸೊನ್ನೆ ಅಂದ್ರೆ ಪಬ್ಲಿಷರ್ ನಿಮ್ಮನ್ನ ಗುರುತಿಸಿದಾನೆ ಆದ್ರೆ ನೀವು ದುಡ್ಡು ಕೊಟ್ಟ ಪ್ಯಾಕೇಜನ್ನ ನಿಮ್ಮ ಅಕೌಂಟಿಗೆ ಹಾಕೇ ಇಲ್ಲ, ಅವತ್ತೇ ಮೇಲ್ ಮಾಡಿ ಜಗಳ ತೆಗೀರಿ. ಮೂರೂ ಸೊನ್ನೆ ಅಂದ್ರೆ ಪಬ್ಲಿಷರ್ ಕಣ್ಣಿಗೆ ನಿಮ್ಮ ಕಾಲೇಜು ಬಿದ್ದೇ ಇಲ್ಲ. ಸಾವಿರಾರು ಹುಡುಗ್ರಿರೋ ಕ್ಯಾಂಪಸ್ಸಲ್ಲಿ ತಿಂಗಳುಗಟ್ಟಲೆ ಒಬ್ಬನೂ ಒಂದು ಪದ ಕೂಡ ಹುಡುಕಿಲ್ಲ ಅಂದ್ರೆ ನಾನಂತೂ ನಂಬಲ್ಲ, ನೀವೂ ನಂಬ್ಬೇಡಿ.

ಹಂಗಾದಾಗ ಹತ್ತಕ್ಕೆ ಒಂಬತ್ತು ಸಲ ಕಾರಣ ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ಟಲ್ಲಿ ನಿಮ್ಮ ಕಾಲೇಜಿನ ವಿಳಾಸದ ನಂಬರ್, ಕ್ಯಾಂಪಸ್ಸಿಂದ ಬಂದೋರನ್ನ ಪಬ್ಲಿಷರ್ ಗುರುತು ಹಿಡಿಯೋದು ಅದ್ರಿಂದ್ಲೇ. ಚಿಕ್ಕಮಗಳೂರು ಕಡೆ ಒಂದು ಕಾಲೇಜಲ್ಲಿ ನಾನೇ ನೋಡಿದ್ದು, ಇಂಟರ್ನೆಟ್ ಕಂಪನಿ ಬದಲಾಯಿಸಿದ್ರು, ಸ್ಟ್ಯಾಟಿಕ್ ಐಪಿ (ಕಾಲೇಜಿಗೆ ಅಂತ ಖಾಯಮ್ಮಾಗಿ ಕೊಟ್ಟಿರೋ ನಂಬರ್) ಬದಲಾಯ್ತು, ಸಿಸ್ಟಂ ಅಡ್ಮಿನ್‌ಗೆ ಗೊತ್ತು ಲೈಬ್ರರಿಗೆ ಗೊತ್ತಿಲ್ಲ, ಲೈಬ್ರರಿಗೆ ಗೊತ್ತಿಲ್ದಿದ್ರೆ ಪಬ್ಲಿಷರ್‌ಗೆ ಹೇಳೋರು ಯಾರು, ಅಲ್ಲಿಂದಾಚೆ ಹುಡುಗ್ರು ಕ್ಯಾಂಪಸ್ಸಲ್ಲಿ ಕೂತು ಪೇಪರ್ ಓಪನ್ ಮಾಡಿದ್ರೆ ದುಡ್ಡು ಕಟ್ಟು ಅಂತ ಬರ್ತಿತ್ತು, ಹುಡುಗ್ರು ಕಂಪ್ಲೇಂಟ್ ಕೊಡಲಿಲ್ಲ, ನಮ್ಮ ಕಾಲೇಜಿಗೆ ಇದು ಇಲ್ಲ ಅನ್ಕೊಂಡು ಸುಮ್ನಾದ್ರು. ವರ್ಷದ ಕೊನೆಗೆ ಬಳಕೆ ಇಲ್ಲ ಅಂತ ಪ್ಯಾಕೇಜ್ ನಿಂತ್ಹೋಯ್ತು. ನನಗೆ ಸಿಟ್ಟು ಬರೋದು ಇಲ್ಲೇ. ದುಡ್ಡು ಕಟ್ಟಿದ್ದು ಕಾಲೇಜು, ಓದೋಕೆ ಸಿಗದೇ ಇದ್ದಿದ್ದು ಹುಡುಗ್ರಿಗೆ, ಕೊನೆಗೆ ಓದಲ್ಲ ಅನ್ನೋ ಹಣೆಪಟ್ಟಿನೂ ಅವ್ರಿಗೇ.

ಅದಕ್ಕೆ ಲೈಬ್ರರಿ ಕಂಪ್ಯೂಟರಲ್ಲಿ, ಡಿಪಾರ್ಟ್‌ಮೆಂಟ್ ಲ್ಯಾಬಲ್ಲಿ, ಹಾಸ್ಟೆಲ್ ವೈಫೈಯಲ್ಲಿ, ಮೂರೂ ಕಡೆ ಗೂಗಲ್ಲಲ್ಲಿ ನನ್ನ ಐಪಿ ಏನು ಅಂತ ಹುಡುಕಿ ಬರ್ಕೊಳ್ಳಿ. ಪಬ್ಲಿಷರ್ ಹತ್ರ ಇರೋ ಲಿಸ್ಟ್ ತರಿಸಿ ತಾಳೆ ನೋಡಿ. 192.168 ಅಥವಾ 10ರಿಂದ ಶುರುವಾಗೋ ಅಡ್ರೆಸ್ ಕಳಿಸಿರೋ ಕಾಲೇಜುಗಳು ಇವತ್ತಿಗೂ ಇವೆ, ಅದು ಬಿಲ್ಡಿಂಗ್ ಒಳಗಿನ ಅಡ್ರೆಸ್ಸು, ಹೊರಗಡೆ ಅದಕ್ಕೆ ಅರ್ಥವೇ ಇಲ್ಲ. ರೌಟರಿನ ಹೊರಗಡೆ ಅಡ್ರೆಸ್ 100.64ರಿಂದ 100.127ರ ಮಧ್ಯೆ ಇದ್ರೆ ನಿಮಗೆ ಸ್ವಂತ ಪಬ್ಲಿಕ್ ಐಪಿ ಕೊಟ್ಟೇ ಇಲ್ಲ ಅಂತ, ಒಂದೇ ಐಪಿನ ಬೇರೆಯೋರ ಜೊತೆ ಹಂಚ್ಕೊಂಡಿದೀರಿ, ಇಂಟರ್ನೆಟ್ ಕಂಪನಿಯೋರನ್ನ ಕೇಳಿ ಸ್ಟ್ಯಾಟಿಕ್ ಐಪಿ ತಗೊಳ್ಳಿ. ಹೊಸ ಥರದ ಐಪಿ ಅಡ್ರೆಸ್ ಐಪಿವಿ6 ಆನ್ ಇದ್ದು ಪಬ್ಲಿಷರ್ ಹತ್ರ ಹಳೇ ಥರದ ಐಪಿವಿ4 ಮಾತ್ರ ಇದ್ರೂ ಇದೇ ತೊಂದ್ರೆ ಆಗ್ಬಹುದು.

ಇನ್ನು ಹುಡುಗ್ರು ಮೊಬೈಲ್ ಡೇಟಾದಲ್ಲಿ ಓದಿದ್ದು. ಕಾಲೇಜಿನ ಹೊರಗಿಂದ ಓದೋಕೆ ಇರೋ ರಿಮೋಟ್ ಆಕ್ಸೆಸ್‌ನಲ್ಲಿ ಲಾಗಿನ್ ಆಗದೆ ನೇರವಾಗಿ ಹೋದ್ರೆ ಅದು ನಿಮ್ಮ ಲೆಕ್ಕಕ್ಕೆ ಬರಲ್ಲ. ನೀವು ಕಣ್ಣಾರೆ ನೋಡಿದೀನಿ ಅಂದ್ರಲ್ಲ, ಹುಡುಗ ಫೋನಲ್ಲಿ ನೋಡ್ತಿದ್ದಿದ್ದು ಯಾರು ಬೇಕಾದ್ರೂ ಓದಬಹುದಾದ ಓಪನ್ ಆಕ್ಸೆಸ್ ಪೇಪರ್ ಕೂಡ ಇರಬಹುದು. ಟಿಆರ್ ಜೆ1ರಲ್ಲಿ ಬರೋದು ಚಂದಾ ಕಟ್ಟಿ ಓದೋ ಪೇಪರ್‌ಗಳ ಲೆಕ್ಕ ಮಾತ್ರ, ಓಪನ್ ಬೇಕಂದ್ರೆ ಟಿಆರ್ ಜೆ3 ನೋಡಿ.

ಇಷ್ಟೂ ಚೆಕ್ ಮಾಡದೆ ರಿನ್ಯೂ ಬೇಡ ಅನ್ನೋ ಫೈಲಿಗೆ ಸೈನ್ ಹಾಕ್ಬೇಡಿ. ಪ್ರಿನ್ಸಿಪಾಲ್ ಸರ್‌ಗೆ ಲಿಖಿತವಾಗಿ ಕೊಡಿ, ಲೆಕ್ಕ ಪರಿಶೀಲನೆಯಲ್ಲಿದೆ ಅಂತ. ನಾನು ಸ್ವಲ್ಪ ಜಾಸ್ತಿನೇ ಎಚ್ಚರಿಕೆ ಮಾಡೋನು, ಐಪಿ ಸರಿ ಮಾಡಿದ್ಮೇಲೆ ಒಂದು ಪೂರ್ತಿ ಶೈಕ್ಷಣಿಕ ವರ್ಷದ ಲೆಕ್ಕ ಬರೋ ತನಕ ಯಾವುದನ್ನೂ ನಿಲ್ಲಿಸಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಟೈಮಲ್ಲಿ ಏರೋ ಲೆಕ್ಕ ಪರೀಕ್ಷೆ, ರಜೆ ಬಂದ್ರೆ ಇಳಿಯುತ್ತೆ, ಬರೀ ಒಂದು ಸೆಮಿಸ್ಟರ್ ಇಟ್ಕೊಂಡು ಏನು ತೀರ್ಮಾನ ಮಾಡ್ತೀರಿ?

ಪ್ರಶ್ನೆ: ಏಜೆಂಟ್ ಒಬ್ರು ಹೋದ ವರ್ಷದ ಹಿಟ್ಸ್ ಲಕ್ಷ ದಾಟಿದೆ ಅಂತ ಚಾರ್ಟ್ ಕೊಟ್ಟಿದಾರೆ. ಪಬ್ಲಿಷರ್ ರಿಪೋರ್ಟಲ್ಲಿ ಅದರ ಕಾಲು ಭಾಗವೂ ಇಲ್ಲ. ಯಾವುದು ಸರಿ?

ಹಿಟ್ಸ್ ಅನ್ನೋ ಪದ ಕಂಡ ಕೂಡ್ಲೇ ಆ ಚಾರ್ಟ್ ವಾಪಸ್ ಕೊಡಿ. ಒಂದು ಪೇಜ್ ಲೋಡ್ ಆದಾಗ ಅದ್ರಲ್ಲಿರೋ ಚಿತ್ರ, ಲೋಗೋ, ಸ್ಕ್ರಿಪ್ಟ್ ಎಲ್ಲಾ ಒಂದೊಂದು ಹಿಟ್. ಕೌಂಟರಲ್ಲಿ ಅಬ್‌ಸ್ಟ್ರಾಕ್ಟ್ ನೋಡಿದ್ದು ಇನ್ವೆಸ್ಟಿಗೇಶನ್, ಪೂರ್ತಿ ಪೇಪರ್ ತೆಗೆದಿದ್ದು ರಿಕ್ವೆಸ್ಟ್. ಒಬ್ಬ ಹುಡುಗ ಒಂದೇ ಸೆಷನ್ನಲ್ಲಿ ಅದೇ ಪೇಪರನ್ನ ಎಚ್‌ಟಿಎಂಎಲ್‌ನಲ್ಲಿ ನೋಡಿ ಆಮೇಲೆ ಪಿಡಿಎಫ್ ಇಳಿಸಿದ್ರೆ ಟೋಟಲ್ ರಿಕ್ವೆಸ್ಟ್ 2, ಯೂನಿಕ್ ರಿಕ್ವೆಸ್ಟ್ 1. ದುಡ್ಡಿಗೆ ತಕ್ಕ ಬಳಕೆ ಲೆಕ್ಕ ಹಾಕೋವಾಗ ಯೂನಿಕ್ ತಗೊಳ್ಳಿ, ಎಲ್ಲಾ ಪಬ್ಲಿಷರ್‌ಗೂ ಅದನ್ನೇ ತಗೊಳ್ಳಿ, ಒಬ್ರದ್ದು ಟೋಟಲ್ ಇನ್ನೊಬ್ರದ್ದು ಯೂನಿಕ್ ಹಿಡಿದು ಹೋಲಿಸ್ಬೇಡಿ.

ಪ್ರಶ್ನೆ: ಕಾಲೇಜುಗಳ ಗುಣಮಟ್ಟ ನೋಡೋ ನ್ಯಾಕ್ ತಂಡ ಬರ್ತಿದೆ. ಬಳಕೆ ಜಾಸ್ತಿ ತೋರಿಸೋಕೆ ತಾನೇ ಕ್ಲಿಕ್ ಮಾಡೋ ಸ್ಕ್ರಿಪ್ಟ್ ಕೊಡ್ತೀನಿ ಅಂತ ಒಬ್ರು ಬಂದಿದಾರೆ.

ಆಚೆ ಕಳಿಸಿ. ಅದೇ ಲಿಂಕನ್ನ 30 ಸೆಕೆಂಡ್ ಒಳಗೆ ಎರಡು ಸಲ ಒತ್ತಿದ್ರೆ ಕೌಂಟರ್ ಒಂದೇ ಅಂತ ಹಿಡಿಯುತ್ತೆ, ರೋಬೋಟ್‌ಗಳ ಓಡಾಟನೂ ಲೆಕ್ಕದಿಂದ ತೆಗೀಬೇಕು ಅಂತ ನಿಯಮ ಇದೆ. ಸಿಗೋದು ಏನೂ ಇಲ್ಲ, ಯಂತ್ರದಿಂದ ರಾಶಿ ರಾಶಿ ಇಳಿಸ್ತಿದಾರೆ ಅಂತ ಪಬ್ಲಿಷರ್ ಇಡೀ ಕ್ಯಾಂಪಸ್ ಬ್ಲಾಕ್ ಮಾಡಿದ್ರೆ ಪ್ರಾಜೆಕ್ಟ್ ಮಾಡ್ತಿರೋ ಹುಡುಗ್ರು ಬೀದಿಗೆ ಬರ್ತಾರೆ. ಸುಳ್ಳು ಲೆಕ್ಕ ತಗೊಂಡು ನ್ಯಾಕ್ ತಂಡದ ಮುಂದೆ ಕೂರೋದು ಲೈಬ್ರೇರಿಯನ್ ಕೆಲಸ ಅಲ್ಲ.

ಪ್ರಶ್ನೆ: ಅರಸೀಕೆರೆ ಕಡೆಯ ಡಿಗ್ರಿ ಕಾಲೇಜು ನಮ್ಮದು. ಯುಜಿಸಿಯ ಇನ್ಫ್ಲಿಬ್ನೆಟ್ ಕೇಂದ್ರ ಕಾಲೇಜುಗಳಿಗೆ ಕೊಡೋ ಇ-ಜರ್ನಲ್ ಸೇವೆ ಎನ್-ಲಿಸ್ಟ್ ಮಾತ್ರ ಇದೆ. ಸುಶಿ ಹಾಕ್ಕೋಬೇಕಾ?

ಬೇಡ. ಎನ್-ಲಿಸ್ಟಲ್ಲಿ ನಿಮ್ಮ ಹುಡುಗ್ರು ಇನ್ಫ್ಲಿಬ್ನೆಟ್ ಸರ್ವರ್ ಮೂಲಕ ಲಾಗಿನ್ ಆಗಿ ಹೋಗೋದು, ಪಬ್ಲಿಷರ್ ಬಾಗಿಲಲ್ಲಿ ನಿಮ್ಮ ಕಾಲೇಜಿನ ಐಪಿ ಕಾಣಲ್ಲ. ಲೆಕ್ಕ ಬೇಕಂದ್ರೆ ಕಾಲೇಜಿನ ಅಡ್ಮಿನ್ ಲಾಗಿನ್ ಇಂದ ತಗೊಳ್ಳಿ, ಸಿಗದಿದ್ರೆ ಇನ್ಫ್ಲಿಬ್ನೆಟ್‌ಗೇ ಬರೀರಿ. ಇದಕ್ಕೆ ಸಾಫ್ಟ್‌ವೇರ್ ಮಾರೋಕೆ ಬರೋರಿಗೆ ಒಂದು ರೂಪಾಯಿನೂ ಕೊಡ್ಬೇಡಿ. 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒಂದು ದೇಶ ಒಂದು ಚಂದಾ ಯೋಜನೆ ಶುರುವಾಗಿದೆ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್‌ಗಳು ಅದ್ರಲ್ಲಿವೆ. ಅದಕ್ಕೆ ಸೇರಿರೋ ಸಂಸ್ಥೆಗಳು ಸ್ವಂತ ದುಡ್ಡಲ್ಲಿ ಅದೇ ಜರ್ನಲ್‌ಗೆ ಇನ್ನೊಂದು ಸಲ ಕಟ್ಟೋಕೆ ಮುಂಚೆ ಲಿಸ್ಟ್ ತೆಗೆದು ತಾಳೆ ನೋಡಲಿ.

ಪ್ರಶ್ನೆ: ಯಾರೂ ಮುಟ್ಟದ ಜರ್ನಲ್ ಯಾವುವು ಅಂತ ರಿಪೋರ್ಟಲ್ಲಿ ಹುಡುಕಿದ್ರೆ ಒಂದೂ ಕಾಣ್ತಿಲ್ಲ. ಎಲ್ಲವೂ ಬಳಕೆ ಆಗ್ತಿವೆ ಅಂತಾನಾ?

ಅಲ್ಲ. ಬಳಕೆ ಸೊನ್ನೆ ಇರೋ ಜರ್ನಲ್ ಹೆಸರು ಈಗಿನ ರಿಪೋರ್ಟಲ್ಲಿ ಬರೋದೇ ಇಲ್ಲ. ನೀವು ಚಂದಾ ಕಟ್ಟಿರೋ ಪೂರ್ತಿ ಪಟ್ಟಿ ಪಬ್ಲಿಷರ್ ಹತ್ರ ತಗೊಂಡು ರಿಪೋರ್ಟ್ ಪಕ್ಕ ಇಟ್ಟು ನೋಡಿ. ಪ್ರತಿ ಜರ್ನಲ್‌ಗೂ ಇರೋ ಗುರುತಿನ ನಂಬರ್ ಐಎಸ್‌ಎಸ್‌ಎನ್ ಇಟ್ಕೊಂಡು ನೋಡಿ, ಹೆಸರಲ್ಲಿ ನೋಡಿದ್ರೆ ತಪ್ಪಾಗುತ್ತೆ.

ಪ್ರಶ್ನೆ: ನಮ್ಮ ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲೇ ಸುಶಿ ಆಗುತ್ತಾ? ಮತ್ತೆ ನಮ್ಮ ಎಪಿಐ ಕೀಗಳನ್ನ ಲೈಬ್ರೇರಿಯನ್‌ಗಳ ವಾಟ್ಸಾಪ್ ಗ್ರೂಪಲ್ಲಿ ಹಾಕಿ ಸಹಾಯ ಕೇಳಿದ್ದೆ, ಯಾರೂ ಉತ್ತರ ಕೊಡಲಿಲ್ಲ.

ಆಗುತ್ತೆ, ಹೊಸ ಆವೃತ್ತಿಗಳಲ್ಲಿ ಇ-ರಿಸೋರ್ಸ್ ನೋಡ್ಕೊಳ್ಳೋಕೆ ಇರೋ ಇಆರ್‌ಎಂ ಮಾಡ್ಯೂಲಲ್ಲಿ ಇದೆ, ದುಡ್ಡು ಕೊಟ್ಟು ಬೇರೆ ತಗೊಳ್ಳೋ ಮುಂಚೆ ಅದನ್ನ ಹಾಕಿ ನೋಡಿ. ಕೀಗಳನ್ನ ಮಾತ್ರ ಇವತ್ತೇ ರದ್ದು ಮಾಡಿಸಿ ಹೊಸದು ತಗೊಳ್ಳಿ, ಗ್ರೂಪಲ್ಲಿ ಮೆಸೇಜ್ ಡಿಲೀಟ್ ಮಾಡಿದ್ರೆ ಸಾಲದು. ಹೊಸ ಕೀ, ಕಸ್ಟಮರ್ ಐಡಿ, ಯಾವ ಮೇಲ್ ಐಡಿಯಿಂದ ತಗೊಂಡಿದ್ದು, ಇವನ್ನ ಕಾಲೇಜಿನ ಹೆಸರಿನ ಮೇಲ್‌ನಲ್ಲೇ ಇಟ್ಕೊಳ್ಳಿ, ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಬೇಡ, ನೀವು ವರ್ಗ ಆಗಿ ಹೋದ್ಮೇಲೆ ಬರೋರಿಗೆ ಪಾಸ್‌ವರ್ಡ್ ಕೂಡ ಸಿಗಲ್ಲ. ಮತ್ತೆ ಯಾವುದಾದ್ರೂ ಪಬ್ಲಿಷರ್ ಚಂದಾ ನಿಲ್ಲಿಸ್ತೀರಿ ಅಂದ್ರೆ ನಿಲ್ಲಿಸೋ ಮುಂಚೆ ಹಳೇ ಲೆಕ್ಕ ಪೂರ್ತಿ ಇಳಿಸ್ಕೊಳ್ಳಿ. ಈ ವರ್ಷದ್ದು ಮತ್ತೆ ಹಿಂದಿನ 24 ತಿಂಗಳದ್ದು ಇಟ್ಟಿರ್ಬೇಕು ಅಂತ ನಿಯಮ ಇದೆ, ಆದ್ರೆ ಅಕೌಂಟ್ ಮುಚ್ಚಿದ್ಮೇಲೆ ಲಾಗಿನ್ ಆಗೋಕೆ ಬಿಡ್ತಾರೆ ಅನ್ನೋ ನಂಬಿಕೆ ಇಟ್ಕೋಬೇಡಿ.