ಹೊಲಿಗೆಯ ಮನೆಯಲ್ಲೇ ಇದೆ ತರ್ಕದ ಪಾಠ

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮಗಳು ಏಳನೆಯ ತರಗತಿ. ಈಗಲೇ ಕೋಡಿಂಗ್ ತರಗತಿಗೆ ಸೇರಿಸದಿದ್ದರೆ ಹಿಂದುಳಿಯುತ್ತಾಳೆ ಎಂದು ಪರಿಚಯದವರು ಹೆದರಿಸುತ್ತಾರೆ. ನಮ್ಮಲ್ಲಿ ಕಂಪ್ಯೂಟರ್ ಇಲ್ಲ. ಅವಳಿಗೆ ಒಗಟು, ಸುಡೊಕು ಎಂದರೆ ಪ್ರಾಣ. ‘ಗಣನಾತ್ಮಕ ಚಿಂತನೆ’ ಎಂದರೇನು? ಒಗಟು ಬಿಡಿಸಿದರೆ ಅದು ಬರುತ್ತದೆಯೇ?

ಉತ್ತರ: ತಾಯಿ, ಮೊದಲು ನಿಮ್ಮ ಹೊಲಿಗೆಯಂತ್ರದ ಕಡೆಗೇ ನೋಡೋಣ. ರವಿಕೆಯ ಬಟ್ಟೆ ಕೈಗೆ ಬಂದಾಗ ನೀವು ಕೆಲಸವನ್ನು ಮುಂಭಾಗ, ಹಿಂಭಾಗ, ತೋಳು, ಪಟ್ಟಿ ಎಂದು ಬಿಡಿಬಿಡಿಯಾಗಿ ಮಾಡಿಕೊಳ್ಳುತ್ತೀರಿ. ಭುಜ ಕೂಡಿಸುವ ಮೊದಲು ತೋಳು ಹಚ್ಚುವುದಿಲ್ಲ. ಒಮ್ಮೆ ಕಾಗದದಲ್ಲಿ ಕತ್ತರಿಸಿಟ್ಟ ಮಾದರಿಯನ್ನೇ ಅಳತೆ ಬದಲಿಸಿ ಹತ್ತು ಜನರಿಗೆ ಬಳಸುತ್ತೀರಿ. ಕಂಕುಳ ಹತ್ತಿರ ಬಿಗಿಯಾಯಿತು ಎಂದು ಯಾರಾದರೂ ಮರಳಿ ತಂದರೆ ಇಡೀ ರವಿಕೆಯನ್ನು ಬಿಚ್ಚುವುದಿಲ್ಲ. ಎಲ್ಲಿ ಎಳೆಯುತ್ತಿದೆ ಎಂದು ನೋಡಿ ಆ ಹೊಲಿಗೆಯನ್ನಷ್ಟೇ ಬಿಚ್ಚುತ್ತೀರಿ. ಸಮಸ್ಯೆಯನ್ನು ಬಿಡಿಸಿಕೊಳ್ಳುವುದು, ಕ್ರಮ ಗೊತ್ತುಮಾಡುವುದು, ಒಂದು ಮಾದರಿಯನ್ನು ಹಲವು ಕಡೆ ಹೊಂದಿಸುವುದು, ತಪ್ಪು ಇರುವ ಜಾಗವನ್ನೇ ಹುಡುಕಿ ತಿದ್ದುವುದು: ಗಣನಾತ್ಮಕ ಚಿಂತನೆಯ ತಿರುಳು ಇಷ್ಟೇ. ಇದು ಕಂಪ್ಯೂಟರ್ ತಜ್ಞರಿಗೆ ಮಾತ್ರವಲ್ಲ, ಓದು ಬರಹದಂತೆ ಎಲ್ಲರಿಗೂ ಬೇಕಾದದ್ದು ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ 2006ರಲ್ಲಿ ವಾದಿಸಿದರು. ಶಾಲೆಗಳಲ್ಲಿ ಆ ಹೆಸರು ಹೆಚ್ಚು ಕೇಳಿಬರತೊಡಗಿದ್ದು ಆಮೇಲೆ.

ಒಗಟಿನ ವಿಷಯಕ್ಕೆ ಬರುತ್ತೇನೆ. ‘ಬಿಳಿ ಸಾಮ್ರಾಜ್ಯಕ್ಕೆ ಕಪ್ಪು ಪ್ರಜೆಗಳು’ ಎಂದರೆ ಸೀತಾಫಲ. ಸೊಗಸಾದ ಒಗಟು, ಮಕ್ಕಳಿಗೆ ಖಂಡಿತ ಹೇಳಿಕೊಡಬೇಕು. ಆದರೆ ಅದು ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಉತ್ತರದ ಕಡೆಗೆ ನಡೆಯುವ ದಾರಿ ಅದರಲ್ಲಿಲ್ಲ. ಸುಡೊಕುವಿನಲ್ಲಿ ಆ ದಾರಿ ಇದೆ. ಒಂದು ಅಂಕಿ ಬರೆದಾಗಲೆಲ್ಲ ‘ಇಲ್ಲಿ 4 ಏಕೆ, 7 ಏಕಲ್ಲ?’ ಎಂದು ಮಗಳನ್ನು ಕೇಳಿ. ಕಾರಣ ಹೇಳಲು ಬಂದರೆ ಮಾತ್ರ ಪೆನ್ನಿನಲ್ಲಿ ಬರೆಯಲಿ.

ರಾತ್ರಿ ಊಟವಾದ ಮೇಲೆ ಇನ್ನೊಂದು ಆಟ ಆಡಿ. 1ರಿಂದ 100ರೊಳಗಿನ ಒಂದು ಸಂಖ್ಯೆಯನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಿ. ಅವಳು ಪ್ರಶ್ನೆ ಕೇಳಬೇಕು, ನೀವು ‘ಹೌದು’, ‘ಅಲ್ಲ’ ಎಂದಷ್ಟೇ ಹೇಳಬೇಕು. ಮೊದಲ ದಿನ ‘37 ಇರಬಹುದೇ, 62 ಇರಬಹುದೇ’ ಎಂದು ಕತ್ತಲಲ್ಲಿ ಕಲ್ಲು ಹೊಡೆಯುತ್ತಾಳೆ. ಹೊಡೆಯಲಿ, ನೀವು ಬಾಯಿ ಬಿಡಬೇಡಿ. ಯಾವುದೋ ಒಂದು ದಿನ ‘50ಕ್ಕಿಂತ ಹೆಚ್ಚೇ?’ ಎಂಬ ಪ್ರಶ್ನೆ ಅವಳಿಂದಲೇ ಬರುತ್ತದೆ. ಅಲ್ಲಿಗೆ ಒಂದೇ ಏಟಿಗೆ ಅರ್ಧ ಸಂಖ್ಯೆಗಳು ಉದುರಿಹೋದವು. ಉಳಿದದ್ದನ್ನು ಮತ್ತೆ ಅರ್ಧ ಮಾಡಿದರೆ 25, ಆಮೇಲೆ ಹೆಚ್ಚೆಂದರೆ 13, 7, 4, 2, 1. ಏಳೇ ಪ್ರಶ್ನೆ! ಏಳು ಸುತ್ತಿನ ಕೋಟೆಯ ಊರಿನ ಹುಡುಗಿ ಈ ಲೆಕ್ಕವನ್ನು ಮರೆಯಲಾರಳು. ಹಾಗಾದರೆ 1000ದವರೆಗಿನ ಸಂಖ್ಯೆಗೆ ಎಷ್ಟು ಪ್ರಶ್ನೆ ಬೇಕು ಎಂದು ಆಗ ಕೇಳಿ. ಎಪ್ಪತ್ತು ಎಂದು ಹೇಳುವ ಮಕ್ಕಳೇ ಹೆಚ್ಚು. ಹತ್ತು ಸಾಕು. ಏಕೆ ಹತ್ತು ಎಂಬುದನ್ನು ಅವಳೇ ಅರ್ಧ ಮಾಡುತ್ತಾ ಹೋಗಿ ಕಂಡುಕೊಳ್ಳಲಿ. ಆ ಸಂತೋಷವನ್ನು ದಯವಿಟ್ಟು ಅವಳಿಂದ ಕಿತ್ತುಕೊಳ್ಳಬೇಡಿ. ನಿಘಂಟಿನಲ್ಲಿ ಪದ ಹುಡುಕುವಾಗ ನಡುವಿನ ಪುಟ ತೆರೆದು ಹಿಂದೆ ಮುಂದೆ ಸರಿಯುವುದೂ ಇದೇ ಜಾಣತನ. ಕಂಪ್ಯೂಟರ್ ಕೂಡ ಅಕ್ಷರಕ್ರಮದಲ್ಲಿಟ್ಟ ದೊಡ್ಡ ಪಟ್ಟಿಯಲ್ಲಿ ಒಂದು ಹೆಸರನ್ನು ಹೀಗೆ ಹುಡುಕಬಲ್ಲದು.

ಕೋಡಿಂಗ್ ಕಲಿಯುವುದು ತಪ್ಪಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಹಂತದಲ್ಲಿ ಅಂಥ ಚಟುವಟಿಕೆಗಳಿರಬೇಕು ಎನ್ನುತ್ತದೆ. ಆದರೆ ಸಾಲ ಮಾಡಿ ಈ ವರ್ಷವೇ ಸೇರಿಸಬೇಕಾದ ತುರ್ತು ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ನಾನು ದಾವಣಗೆರೆ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ. ತರ್ಕದ ಸಮಸ್ಯೆ ಕೊಟ್ಟರೆ ಒಬ್ಬಿಬ್ಬರು ಚುರುಕು ಮಕ್ಕಳು ಥಟ್ಟನೆ ಉತ್ತರ ಹೇಳಿಬಿಡುತ್ತಾರೆ. ಉಳಿದವರು ಸುಮ್ಮನೆ ಕೂರುತ್ತಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಉತ್ತರವನ್ನು ಕೇಳುವುದನ್ನೇ ಬಿಡಿ. ವಿಧಾನವನ್ನು ಕೇಳಿ.

ಹುಲಿ, ಹಸು, ಹುಲ್ಲಿನ ಹಳೆಯ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಅಂಬಿಗ ಮೂರನ್ನೂ ಹೊಳೆ ದಾಟಿಸಬೇಕು. ದೋಣಿಯಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅಂಬಿಗ ಇಲ್ಲದಿದ್ದರೆ ಹುಲಿ ಹಸುವನ್ನು, ಹಸು ಹುಲ್ಲನ್ನು ತಿನ್ನುತ್ತದೆ. ‘ನನಗೆ ಗೊತ್ತು’ ಎಂದು ಕೈ ಎತ್ತಿದವರಿಗೆ ಒಂದು ಚೀಟಿ ಕೊಟ್ಟು, ಒಂದೊಂದು ಸಾಲಿಗೆ ಒಂದೊಂದು ಹೆಜ್ಜೆ ಬರೆಯಲು ಹೇಳಿ. ಅಂಗಳದಲ್ಲಿ ಎರಡು ಗೆರೆ ಎಳೆದು ಹೊಳೆ ಮಾಡಿ. ಸುಮ್ಮನೆ ಕೂತಿದ್ದ ನಾಲ್ವರನ್ನು ಅಂಬಿಗ, ಹುಲಿ, ಹಸು, ಹುಲ್ಲಾಗಿ ನಿಲ್ಲಿಸಿ. ಅವರು ಚೀಟಿಯಲ್ಲಿ ಇರುವಷ್ಟನ್ನೇ ಮಾಡಬೇಕು. ‘ಹಸುವನ್ನು ಬಿಡು’ ಎಂದು ಬರೆದಿದ್ದರೆ ಯಾವ ದಡದಲ್ಲಿ ಬಿಡಬೇಕೆಂದು ತಿಳಿಯದೆ ಅಂಬಿಗ ದೋಣಿಯಲ್ಲೇ ನಿಲ್ಲುತ್ತಾನೆ. ಚುರುಕು ಹುಡುಗನಿಗೆ ತನ್ನ ತಲೆಯಲ್ಲಿದ್ದದ್ದು ಕಾಗದಕ್ಕೆ ಇಳಿದಿಲ್ಲ ಎಂದು ಆಗ ಗೊತ್ತಾಗುತ್ತದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಎದ್ದು ‘ಸಾರ್, ಮೂರನೆಯ ಸಾಲು ತಪ್ಪು’ ಎನ್ನುವುದನ್ನು ನಾನು ಎಷ್ಟೋ ತರಗತಿಗಳಲ್ಲಿ ನೋಡಿದ್ದೇನೆ. ಅಂಥ ಗಳಿಗೆಗಾಗಿಯೇ ನಾನು ಈ ಕೆಲಸವನ್ನು ಇಷ್ಟು ಪ್ರೀತಿಸುತ್ತೇನೆ.

ಉಳಿದ ಮಕ್ಕಳಿಗೆ ಇನ್ನೊಂದು ಕೆಲಸವಿದೆ. ನಾಲ್ವರಲ್ಲಿ ಪ್ರತಿಯೊಬ್ಬರೂ ಈ ದಡ ಅಥವಾ ಆ ದಡದಲ್ಲಿರಬಹುದು. ಒಟ್ಟು 16 ಬಗೆ. ಎಲ್ಲವನ್ನೂ ಹಲಗೆಯ ಮೇಲೆ ಬರೆಸಿ, ತಿಂದುಹಾಕುವ ಅಪಾಯ ಇರುವುದನ್ನೆಲ್ಲ ಹೊಡೆದುಹಾಕಿಸಿ. ಹತ್ತು ಉಳಿಯುತ್ತವೆ. ಒಂದರಿಂದ ಇನ್ನೊಂದಕ್ಕೆ ಒಂದೇ ದೋಣಿಯಾನದಲ್ಲಿ ಹೋಗಬಹುದಾದ ಕಡೆ ಗೆರೆ ಎಳೆಸಿದರೆ ಉತ್ತರದ ದಾರಿ ನಕ್ಷೆಯಂತೆ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಚುರುಕುತನ ಬೇಡ, ತಾಳ್ಮೆ ಸಾಕು.

ಇಂಥ ಇನ್ನಷ್ಟು ಸಮಸ್ಯೆಗಳು ಬೇಕಿದ್ದರೆ ‘ಬೆಬ್ರಾಸ್’ ಸ್ಪರ್ಧೆಯ ಹಳೆಯ ಪ್ರಶ್ನೆಗಳನ್ನು ಹುಡುಕಿ ನೋಡಿ. 2004ರಲ್ಲಿ ಲಿಥುವೇನಿಯಾದಲ್ಲಿ ಆರಂಭವಾದ ಇದು ಈಗ ಭಾರತದಲ್ಲೂ ನಡೆಯುತ್ತದೆ; ಉತ್ತರಿಸಲು ಕೋಡಿಂಗ್ ಗೊತ್ತಿರಬೇಕಾಗಿಲ್ಲ.

ಚುರುಕು ಹುಡುಗ ಮತ್ತೆ ಬೇಗ ಮುಗಿಸಿ ಕೈಕಟ್ಟಿ ಕೂತರೆ ಅವನಿಗೊಂದು ಗಟ್ಟಿ ಪ್ರಶ್ನೆ ಕೊಡಿ: ಏಳು ಸಲ ಹೊಳೆ ದಾಟಿದ್ದೀಯ, ಐದೇ ಸಲಕ್ಕೆ ಏಕೆ ಆಗುವುದಿಲ್ಲ, ಸಾಧಿಸಿ ತೋರಿಸು. ಮೂರನ್ನೂ ಸಾಗಿಸಲು ಮೂರು ಸಲ ಹೋಗಬೇಕು, ನಡುವೆ ಎರಡು ಸಲ ಬರಬೇಕು. ಐದರಲ್ಲಿ ಮುಗಿಯಬೇಕಾದರೆ ಯಾವುದನ್ನೂ ಮರಳಿ ತರುವಂತಿಲ್ಲ. ಆದರೆ ಮೊದಲು ದಾಟಲು ಹಸುವಿಗೆ ಮಾತ್ರ ಸಾಧ್ಯ. ಎರಡನೆಯದಾಗಿ ಹುಲಿ ಬಂದರೂ ಹುಲ್ಲು ಬಂದರೂ ಆ ದಡದಲ್ಲಿ ಎರಡನ್ನೇ ಬಿಟ್ಟು ಅಂಬಿಗ ಹಿಂತಿರುಗುವಂತಿಲ್ಲ. ಇಷ್ಟನ್ನು ಅವನೇ ಹೇಳುವ ತನಕ ಕಾಯಿರಿ. ಒಂದು ವಾರ ಹಿಡಿದರೂ ಪರವಾಗಿಲ್ಲ.