ಹಿರಿಯರನ್ನ ಮಣ್ಣು ಮಾಡಿದ ಜಾಗದ ಮೇಲೆ ಕರೆಂಟ್ ಲೈನ್ ಬರ್ತಿದೆ, ಸೈನ್ ಹಾಕ್ಬೇಕಾ?

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ಮೈಸೂರು ಜಿಲ್ಲೆ ಕಾಡಂಚಿನ ಒಂದು ಹಾಡಿ, ನಾವು ಜೇನು ಕುರುಬರು. ಕಾಡೊಳಗೆ ದೊಡ್ಡ ಕರೆಂಟ್ ಲೈನ್ ಬರ್ತಿದೆ ಅಂತ ಸರ್ವೆ ಮಾಡಿ ಮರಗಳಿಗೆ ಪೇಂಟ್ ಹೊಡ್ದು ಹೋಗಿದಾರೆ. ನಮ್ಮ ದೇವರ ಕಲ್ಲು, ಹಿರಿಯರನ್ನ ಮಣ್ಣು ಮಾಡಿದ ಜಾಗ ಎರಡೂ ಆ ಸಾಲಲ್ಲೇ ಬರುತ್ತೆ. ಕೇಳಿದ್ರೆ ಪಂಚಾಯ್ತಿ ಗ್ರಾಮಸಭೆಲಿ ಒಪ್ಪಿಗೆ ಆಗಿದೆ ಅಂತಾರೆ, ಇನ್ನೊಬ್ರು ಲೈನಿಗೆ ಒಪ್ಪಿಗೆನೇ ಬೇಡ ಅಂತಾರೆ, ಆದ್ರೂ ಒಂದು ಪೇಪರ್ ತಂದು ಯಜಮಾನ್ರ ಹತ್ರ ಸೈನ್ ಕೇಳ್ತಿದಾರೆ. ಕಾಡಿನ ಮೇಲಿನ ಸಮುದಾಯ ಹಕ್ಕಿಗೆ ನಾವು ಅರ್ಜಿ ಹಾಕಿ ವರ್ಷಗಳಾಯ್ತು, ಉತ್ತರ ಇಲ್ಲ. ನಾನೊಬ್ನೇ ಡಿಗ್ರಿ ಓದಿರೋನು ಅಂತ ಎಲ್ರೂ ನನ್ನ ಮುಖ ನೋಡ್ತಿದಾರೆ. ಏನ್ ಮಾಡೋದು?

ಉತ್ತರ: ಮೊದಲು, ಆ ಪೇಪರಿಗೆ ಸೈನ್ ಹಾಕ್ಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ಓದಿ ಆಮೇಲೆ ಹೇಳ್ತೀವಿ ಅಂತ ಒಂದು ಕಾಪಿ ಇಸ್ಕೊಳ್ಳಿ. ಒಪ್ಪಿಗೆ ಬೇಡ್ವೇ ಬೇಡ ಅನ್ನೋರು ಸೈನ್ ಯಾಕೆ ಕೇಳ್ತಾರೆ, ಸ್ವಲ್ಪ ಯೋಚ್ನೆ ಮಾಡಿ.

ಈಗ ಪಂಚಾಯ್ತಿ ಗ್ರಾಮಸಭೆ ವಿಷಯ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಹೇಳಿರೋ ಗ್ರಾಮಸಭೆ ಅಂದ್ರೆ ನಿಮ್ಮ ಹಾಡಿ ಮಟ್ಟದ್ದು, ಏಳೆಂಟು ಊರು ಸೇರಿಸಿ ಪಂಚಾಯ್ತಿ ಆಫೀಸಲ್ಲಿ ನಡೆಸೋದಲ್ಲ. 2012ರಲ್ಲಿ ತಿದ್ದಿದ ನಿಯಮದ ಪ್ರಕಾರ ಸಭೆಗೆ ಅರ್ಧದಷ್ಟು ಸದಸ್ಯರಾದ್ರೂ ಬಂದಿರ್ಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಭಾಗ ಹೆಂಗಸರಿರ್ಬೇಕು. ನಿಮ್ಮ ಹಾಡಿಯಿಂದ ಯಾರೂ ಹೋಗದ ಸಭೆಯ ನಡಾವಳಿ ಪುಸ್ತಕದಲ್ಲಿ ನಿಮ್ಮ ಒಪ್ಪಿಗೆ ಅಂತ ಬರ್ದಿದ್ರೆ ಅದು ನಿಮ್ಮ ಒಪ್ಪಿಗೆ ಅಲ್ಲ. ಆ ನಡಾವಳಿ ಕಾಪಿಗೆ ಇವತ್ತೇ ಆರ್‌ಟಿಐ ಹಾಕಿ.

ಇನ್ನು ಲೈನಿಗೆ ಒಪ್ಪಿಗೆ ಬೇಡ ಅನ್ನೋದು, ಇದು ಪೂರ್ತಿ ಸುಳ್ಳಲ್ಲ ಆದ್ರೆ ಅರ್ಧ ಮಾತು. 2013ರ ಫೆಬ್ರವರಿ 5ಕ್ಕೆ ಕೇಂದ್ರ ಪರಿಸರ ಇಲಾಖೆ ಒಂದು ಪತ್ರ ಹೊರಡಿಸ್ತು, ರಸ್ತೆ, ಕಾಲುವೆ, ಪೈಪ್‌ಲೈನ್, ಕರೆಂಟ್ ಲೈನ್ ಥರ ಉದ್ದಕ್ಕೆ ಹೋಗೋ ಯೋಜನೆಗಳಿಗೆ ಗ್ರಾಮಸಭೆ ಒಪ್ಪಿಗೆಯಿಂದ ವಿನಾಯಿತಿ ಅಂತ. ಅದೇ ಪತ್ರದಲ್ಲೇ ಇನ್ನೊಂದು ಮಾತಿದೆ, ಆದಿಮ ಬುಡಕಟ್ಟುಗಳ ಮಾನ್ಯ ಆದ ಹಕ್ಕಿಗೆ ಧಕ್ಕೆ ಬರೋ ಕಡೆ ಈ ವಿನಾಯಿತಿ ಇಲ್ಲ ಅಂತ. ಕರ್ನಾಟಕದಲ್ಲಿ ಆದಿಮ ಬುಡಕಟ್ಟು ಅನ್ನೋ ಸರ್ಕಾರಿ ಪಟ್ಟಿಲಿರೋದು ಎರಡೇ ಸಮುದಾಯ, ಕೊರಗರು ಮತ್ತು ಜೇನು ಕುರುಬರು. ಅಂದ್ರೆ ನೀವೇ. ಇದನ್ನ ನಿಮಗೆ ಯಾರೂ ಹೇಳಿರಲ್ಲ, ನನಗೆ ಅದೇ ಸಂಕಟ.

ಆದ್ರೆ ಆ ಪತ್ರದಲ್ಲಿ "ಮಾನ್ಯ ಆದ" ಅನ್ನೋ ಪದ ಇದೆ ನೋಡಿ, ನಿಮ್ಮ ಅರ್ಜಿ ಕೊಳೀತಾ ಬಿದ್ದಿರೋದ್ರಿಂದ ನಿಜವಾದ ನಷ್ಟ ಆಗೋದು ಅಲ್ಲೇ. ಇಂಥ ಲೈನಿನ ಫೈಲಲ್ಲಿ ಡಿಸಿಯವರ ಒಂದು ಸರ್ಟಿಫಿಕೇಟ್ ಇರುತ್ತೆ, ಅರಣ್ಯ ಹಕ್ಕಿನ ಇತ್ಯರ್ಥ ಎಲ್ಲಾ ಮುಗ್ದಿದೆ, ಆದಿಮ ಬುಡಕಟ್ಟಿನ ಹಕ್ಕು ಇದ್ರಲ್ಲಿ ಸೇರಿಲ್ಲ ಅಂತ. ಪರಿವೇಶ್ ಅನ್ನೋ ಕೇಂದ್ರದ ವೆಬ್‌ಸೈಟಲ್ಲಿ ಯೋಜನೆ ಹೆಸರು ಹಾಕಿ ಹುಡುಕಿ ಅಥವಾ ಅದಕ್ಕೂ ಆರ್‌ಟಿಐ ಹಾಕಿ. ನಿಮ್ಮ ಅರ್ಜಿ ಬಾಕಿ ಇರೋವಾಗ್ಲೇ ಇತ್ಯರ್ಥ ಮುಗ್ದಿದೆ ಅಂತ ಬರ್ದಿದ್ರೆ, ಅರ್ಜಿ ಸ್ವೀಕೃತಿ ಜೊತೆಗಿಟ್ಟು ಡಿಸಿಗೆ, ಅಂದ್ರೆ ಅರಣ್ಯ ಹಕ್ಕು ತೀರ್ಮಾನ ಮಾಡೋ ಜಿಲ್ಲಾ ಮಟ್ಟದ ಸಮಿತಿ ಅಧ್ಯಕ್ಷರಿಗೆ, ಲಿಖಿತ ಆಕ್ಷೇಪಣೆ ಕೊಡಿ, ಬುಡಕಟ್ಟು ಕಲ್ಯಾಣ ಇಲಾಖೆಗೂ ಒಂದು ಕಾಪಿ. ಇತ್ಯರ್ಥ ಮುಗಿಯೋವರೆಗೂ ನೀವು ಅನುಭವದಲ್ಲಿರೋ ಜಾಗದಿಂದ ನಿಮ್ಮನ್ನ ಎಬ್ಬಿಸೋ ಹಾಗಿಲ್ಲ ಅಂತ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5) ಹೇಳುತ್ತೆ.

ಈಗ ಎಲ್ಲಕ್ಕಿಂತ ಮುಖ್ಯ. ದೇವರ ಕಲ್ಲು, ಗೋರಿ ಅಂದ ತಕ್ಷಣ ಆಫೀಸಲ್ಲಿ ಅದನ್ನ ಬರೀ ಭಾವನೆ ವಿಷಯ ಅಂತ ತಳ್ಳಿಬಿಡ್ತಾರೆ, ಬೇರೆ ಕಡೆ ಗುಡಿ ಕಟ್ಟಿಸ್ಕೊಡ್ತೀವಿ ಬಿಡಿ ಅಂತಾರೆ. ನೀವೂ ಹಾಗೇ ಅಂದ್ಕೋಬೇಡಿ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ನಿಯಮ 13 ತೆಗ್ದು ನೋಡಿ, ಸಮುದಾಯ ಹಕ್ಕಿಗೆ ಯಾವುದು ಪುರಾವೆ ಅನ್ನೋ ಪಟ್ಟಿಲಿ ಪವಿತ್ರ ಮರ, ದೇವರ ಬನ, ಕೆರೆ, ಹೂಳೋ ಸುಡೋ ಜಾಗ ಎಲ್ಲಾ ಹೆಸರು ಹೇಳಿ ಬರ್ದಿದಾರೆ. ಅರ್ಜಿ ಹಾಕದೇ ಇರೋ ಹಿರಿಯರು ಹೇಳಿದ್ದನ್ನ ಬರ್ಕೊಂಡ್ರೆ ಅದೂ ಪುರಾವೆ. ಯಾವ್ದೋ ಒಂದೇ ದಾಖಲೆ ತನ್ನಿ ಅಂತ ಸಮಿತಿಯವರು ಹಟ ಹಿಡಿಯೋ ಹಾಗೂ ಇಲ್ಲ. ಅಂದ್ರೆ ಆ ಕಲ್ಲು, ಆ ಗೋರಿಗಳೇ ನಿಮ್ಮ ಪತ್ರ, ನಿಮ್ಮ ಪಹಣಿ.

ಅದಕ್ಕೇ ಮೊದಲು ನಕ್ಷೆ ಮಾಡಿ. ಯಜಮಾನ್ರನ್ನ, ವಯಸ್ಸಾದ ಅಜ್ಜಿಯರನ್ನ ಕರ್ಕೊಂಡು ನಡೀರಿ, ಎಲ್ಲಿ ಯಾವ ದೇವರು, ಯಾವ ಕುಲದ್ದು, ಯಾವಾಗ ಪೂಜೆ, ಯಾರನ್ನ ಎಲ್ಲಿ ಮಣ್ಣು ಮಾಡಿದ್ರು, ಜೇನು ಕೀಳೋ ಮರ ಯಾವ್ದು, ಎಲ್ಲಾ ಮೊಬೈಲಲ್ಲಿ ಲೊಕೇಶನ್ ಜೊತೆ ಫೋಟೋ ತೆಗೀರಿ, ಅವ್ರ ಮಾತು ರೆಕಾರ್ಡ್ ಮಾಡಿ. ಗುಟ್ಟಾಗಿಡೋ ಜಾಗ ಇದ್ರೆ ಹಿರಿಯರನ್ನ ಕೇಳದೆ ಹೊರಗಿನವರಿಗೆ ತೋರಿಸ್ಬೇಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದೇ ಕೆಲಸ ಮಾಡಿದ್ರು, ದೇವರು, ಮಾರಮ್ಮ, ವೀರು (ಭೂತದ ಜಾಗ), ಕಲ್ಲುಗುಡಿ (ಗೋರಿ ಕಲ್ಲು), ಅಬ್ಬಿ (ನೀರಿನ ಸೆಲೆ) ಅಂತ ಎಲ್ಲೆ ಎಲ್ಲೆಗೂ, ಅಂದ್ರೆ ಒಂದೊಂದು ಕುಲದ ಸರಹದ್ದಿಗೂ, ಗುರುತು ಹಾಕಿ ನೂರಾರು ಜಾಗದ ನಕ್ಷೆ ಮಾಡಿದ್ರು. 2011ರಲ್ಲಿ ಅಲ್ಲಿ ಹುಲಿ ಮೀಸಲು ಘೋಷಣೆ ಆಯ್ತು, ಅದೇ ವರ್ಷ ಅವ್ರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ತು.

ನಕ್ಷೆ ಆದ್ಮೇಲೆ ಅರಣ್ಯ ಹಕ್ಕು ಸಮಿತಿ ಮೂಲಕ ಹಾಡಿ ಗ್ರಾಮಸಭೆ ಕರೆಸಿ, ವೀಡಿಯೋ ಮಾಡಿ, ನಿರ್ಣಯ ಬರೀರಿ. ನಿಮ್ಮ ಸಾಂಸ್ಕೃತಿಕ ಪರಂಪರೆಗೆ ಹಾನಿ ಆಗದ ಹಾಗೆ ನೋಡ್ಕೊಳ್ಳೋ ಅಧಿಕಾರ ಕಾಯ್ದೆಯ ಸೆಕ್ಷನ್ 5ರಲ್ಲಿದೆ, ಅದನ್ನ ನಿರ್ಣಯದಲ್ಲಿ ಸೇರಿಸಿ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬರ್ಬೇಕಿತ್ತು, ಡೊಂಗ್ರಿಯಾ ಕೊಂಧರಿಗೆ ಆ ಬೆಟ್ಟನೇ ನಿಯಮರಾಜ ಅನ್ನೋ ದೇವರು. ಅವ್ರ ಧಾರ್ಮಿಕ, ಸಾಂಸ್ಕೃತಿಕ ಹಕ್ಕಿನ ಪ್ರಶ್ನೆ ಗ್ರಾಮಸಭೆನೇ ತೀರ್ಮಾನ ಮಾಡ್ಲಿ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ಕ್ಕೆ ಹೇಳ್ತು. 12 ಹಳ್ಳಿ ಆರಿಸಿದ್ದು ಸರ್ಕಾರನೇ. 12ಕ್ಕೆ 12ರಲ್ಲೂ ಜನ ಬೇಡ ಅಂದ್ರು.

ಲೈನೇ ಬೇಡ ಅಂತೀರೋ, ಸಾಲು ಪಕ್ಕಕ್ಕೆ ಸರಿಸಿ ಅಂತೀರೋ ಅದು ನೀವೆಲ್ಲಾ ಕೂತು ಮಾತಾಡ್ಬೇಕಾದ್ದು, ನಾನು ಹೇಳೋ ವಿಷಯ ಅಲ್ಲ. ಟವರ್ ಸರಿಸೋಕಾಗಲ್ಲ ಅಂತ ಯಾರಾದ್ರೂ ಅಂದ್ರೆ ಮಾತ್ರ ಅದನ್ನ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಬೆದರಿಸಿದ್ರೆ, ಬುಡಕಟ್ಟು ಜನರ ಅರಣ್ಯ ಹಕ್ಕಿಗೆ ಅಡ್ಡಿ ಮಾಡೋದು ದೌರ್ಜನ್ಯ ತಡೆ ಕಾಯ್ದೆಲಿ ಅಪರಾಧ ಅನ್ನೋದು ನೆನಪಿರ್ಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗ್ತಾರೆ.

ಪ್ರಶ್ನೆ: ನಾನು ಇನ್‌ಫ್ರಾ ಕಂಪನಿಲಿ ಇಂಜಿನಿಯರ್. ಎಲ್ಲಾ ಪರ್ಮಿಷನ್ ಕೈಯಲ್ಲಿದ್ದ ಮೇಲೂ ಜನರ ಹತ್ರ ಮಾತಾಡ್ಬೇಕಾ?

ಉತ್ತರ: ಮಾತಾಡ್ಲೇಬೇಕು. ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಮರಿಲಿ ರಿಯೋ ಟಿಂಟೋ ಅನ್ನೋ ಗಣಿ ಕಂಪನಿಗೆ ಹಳೇ ಗುಹೆಗಳನ್ನ ಸಿಡಿಸೋ ಪರ್ಮಿಷನ್ 2013ರಲ್ಲೇ ಸಿಕ್ಕಿತ್ತು. ಮಾರನೇ ವರ್ಷ ಪುರಾತತ್ವದವರು ಅಗೆದಾಗ ಅಲ್ಲಿ 4,000 ವರ್ಷದ ಹಿಂದೆ ಮನುಷ್ಯರ ಕೂದಲಿಂದ ಹೆಣೆದ ಪಟ್ಟಿ ಸಿಕ್ತು, ಡಿಎನ್ಎ ನೋಡಿದ್ರೆ ಈಗ ಅಲ್ಲಿರೋ ಮೂಲನಿವಾಸಿಗಳ ಪೂರ್ವಜರದ್ದೇ. ಆದ್ರೂ ಹಳೇ ಪರ್ಮಿಷನ್ ಹಾಗೇ ಉಳೀತು, 2020ರ ಮೇ 24ಕ್ಕೆ 46,000 ವರ್ಷದಿಂದ ಜನ ಬಳಸಿದ್ದ ಆ ಗುಹೆಗಳನ್ನ ಸಿಡಿಸಿಬಿಟ್ರು. ಕಾನೂನು ಪ್ರಕಾರ ತಪ್ಪಿರ್ಲಿಲ್ಲ. ಸಿಇಒ ಕೆಲಸ ಹೋಯ್ತು, ಗುಹೆ ವಾಪಸ್ ಬರ್ಲಿಲ್ಲ. ನಿಮ್ಮ ಡ್ರಾಯಿಂಗ್ ಫೈನಲ್ ಆಗೋಕೆ ಮುಂಚೆ, ಸಾಲು ಇನ್ನೂ ಪೆನ್ಸಿಲ್ಲಲ್ಲಿ ಇರೋವಾಗ್ಲೇ, ಹಾಡಿಯ ಹಿರಿಯರ ಜೊತೆ ಆ ದಾರಿ ಪೂರ್ತಿ ಒಂದ್ಸಲ ನಡೀರಿ, ಅವ್ರು ಎಲ್ಲೆಲ್ಲಿ ಚಪ್ಪಲಿ ಬಿಡ್ತಾರೋ ಅಲ್ಲೆಲ್ಲಾ ಗುರುತು ಹಾಕ್ಕೊಳ್ಳಿ.